ಡೆನ್ವರ್ ದೊಡ್ಡಪ್ಪ ಪಟ್ಟಿಯಲ್ಲಿಲ್ಲ

ಕೊಲೊರಾಡೊದ ಬೆಟ್ಟಗಳಲ್ಲಿ ಮೊಬೈಲ್ ನೆಚ್ಚಿಕೊಂಡು ಹೋಗುವಂತಿಲ್ಲ. ಎರಡು ಕಾರಿನಲ್ಲಿ ಹೊರಟರೆ ವಾಕಿಟಾಕಿಯೇ ಗತಿ. ಲೈಸೆನ್ಸ್ ಬೇಡದ, ಎಫ್‌ಆರ್‌ಎಸ್ ಅನ್ನುವ ಬಗೆಯ ವಾಕಿಟಾಕಿ ಸೆಟ್ಟುಗಳು ಅಂಗಡಿಯಲ್ಲೇ ಸಿಗುತ್ತವೆ. ಆದರೆ ಅವಕ್ಕೆ 2 ವ್ಯಾಟ್‌ಗಿಂತ ಜಾಸ್ತಿ ಶಕ್ತಿ ಇರುವಂತಿಲ್ಲ. ಗುಡ್ಡ ಅಡ್ಡ ಬಂದರೆ ಬರೀ ಗೊರಗೊರ. ಅದಕ್ಕೇ ಹೆಚ್ಚು ಶಕ್ತಿಯ ಸೆಟ್ಟಿಗೆ ಬೇಕಾದ ಜಿಎಂಆರ್‌ಎಸ್ ಲೈಸೆನ್ಸ್‌ಗೆ ಅರ್ಜಿ ಹಾಕಿದೆ. ಅದರಲ್ಲಿ ಕೆಲವು ಚಾನೆಲ್‌ಗಳಿಗೆ 50 ವ್ಯಾಟ್‌ವರೆಗೂ ಅವಕಾಶವಿದೆ. ಪರೀಕ್ಷೆ ಇಲ್ಲ, 18 ವರ್ಷ ತುಂಬಿದ್ದರಾಯಿತು. ಶುಲ್ಕ 2022ರ ಏಪ್ರಿಲ್‌ವರೆಗೆ 70 ಡಾಲರ್ ಇತ್ತು, ಈಗ 35. ಹತ್ತು ವರ್ಷ ನಡೆಯುತ್ತದೆ, ಇಡೀ ಕುಟುಂಬಕ್ಕೆ ಒಂದೇ ಸಾಕು.

ಕುಟುಂಬ ಅಂದರೆ ಯಾರ್ಯಾರು ಅಂತ ನಿಯಮದಲ್ಲೇ ಬರೆದಿದ್ದಾರೆ. ಹೆಂಡತಿ, ಮಕ್ಕಳು, ಅಪ್ಪ ಅಮ್ಮ, ಅಜ್ಜ ಅಜ್ಜಿ, ಒಡಹುಟ್ಟಿದವರು, ಅಪ್ಪನ ಅಣ್ಣತಮ್ಮಂದಿರು, ಅತ್ತೆ, ಅಣ್ಣತಮ್ಮಂದಿರ ಮಕ್ಕಳು, ಬೀಗರ ಕಡೆಯವರು. ಓದುತ್ತಾ ಖುಷಿಯಾಯಿತು. ಪರವಾಗಿಲ್ಲ, ಇವರಿಗೂ ನಮ್ಮ ಹಾಗೆ ದೊಡ್ಡ ಮನೆ ಗೊತ್ತು ಅನ್ನಿಸಿತು.

ಪಕ್ಕದಲ್ಲಿದ್ದ ಮಗಳು ಪಟ್ಟಿ ಪೂರ್ತಿ ಓದಿ ಕೇಳಿದಳು: "ಅಪ್ಪಾ, ಡೆನ್ವರ್ ದೊಡ್ಡಪ್ಪ ಇದರಲ್ಲಿ ಇಲ್ವಲ್ಲ. ಅವರು ನಮ್ಮ ಫ್ಯಾಮಿಲಿ ಅಲ್ವಾ?"

ಹೌದು, ಇಲ್ಲ. ನನ್ನ ದೊಡ್ಡಪ್ಪ ಪಟ್ಟಿಯಲ್ಲಿದ್ದಾರೆ, ಅವರ ಮಗ, ಅಂದರೆ ನನ್ನ ಮಗಳ ಡೆನ್ವರ್ ದೊಡ್ಡಪ್ಪ, ಇಲ್ಲ. ಅವನು ಬೇರೆ 35 ಡಾಲರ್ ಕಟ್ಟಬೇಕು. ಶಿವಮೊಗ್ಗದ ಸಾಗರದ ಹತ್ತಿರದ ನಮ್ಮ ಮನೆಯಲ್ಲಿ ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವರು ನಾವು. ಅವನು ತೋಟದ ಕೆಳಗಿನಿಂದ ಕೂ ಹಾಕಿದರೆ ನಾನು ಅಂಗಳದಿಂದ ಕೂ ಅನ್ನುತ್ತಿದ್ದೆ. ಅಣ್ಣ ಅಂತಲೇ ಕರೆದಿದ್ದೇನೆ, ಬೇರೆ ಏನೂ ಕರೆದಿಲ್ಲ.

ಎರಡು ದಿನ ಇಲ್ಲಿನ ಕಾನೂನಿನ ಮೇಲೆ ಸಿಟ್ಟಿತ್ತು. ಆಮೇಲೆ ಊರು ನೆನಪಾಯಿತು. ಪಾಲಾದ ಮೇಲೆ ಅದೇ ಮನೆಯ ನಡುವೆ ಗೋಡೆ ಎದ್ದಿದೆ. ಅಡಿಕೆ ತೋಟದ ಅಂಚಿಗಾಗಿ ಶುರುವಾದ ಜಗಳ. ಗೋಡೆಯ ಆಚೆ ಈಚೆ ಇರುವವರು ಒಬ್ಬರಿಗೊಬ್ಬರು ಮಾತಾಡುತ್ತಿಲ್ಲ. ಒಬ್ಬರ ಮನೆಯ ಮದುವೆಯ ಸುದ್ದಿ ಇನ್ನೊಬ್ಬರಿಗೆ ವಾಟ್ಸಾಪ್‌ನಲ್ಲಿ, ಅದೂ ಮೂರನೆಯವರಿಂದ. ನಮ್ಮವರನ್ನು ಪಟ್ಟಿಯಿಂದ ಹೊಡೆದುಹಾಕಿದ್ದು ಅಮೆರಿಕದವರಲ್ಲ.

ಅಣ್ಣ ಈಗ ತನ್ನದೇ ಲೈಸೆನ್ಸ್ ಮಾಡಿಸಿಕೊಂಡಿದ್ದಾನೆ. ಬೇರೆ ಲೈಸೆನ್ಸ್‌ನವರ ಜೊತೆ ಮಾತಾಡಲು ಇಲ್ಲಿ ಯಾವ ಅಡ್ಡಿಯೂ ಇಲ್ಲ.

ಬರುವ ಬೇಸಿಗೆಗೆ ಅಣ್ಣನೂ ನಾನೂ ಮಕ್ಕಳನ್ನು ಕರೆದುಕೊಂಡು ಊರಿಗೆ ಬರುತ್ತಿದ್ದೇವೆ. ಗೋಡೆಯ ಎರಡೂ ಕಡೆ ಊಟ ಮಾಡುತ್ತೇವೆ. ಮೊದಲು ಯಾರ ಮನೆಗೆ ಅಂತ ದಯವಿಟ್ಟು ಯಾರೂ ಕೇಳಬೇಡಿ.