ಪೀಡಿಯಾಟ್ರಿಕ್ಸ್ ಸೆಮಿನಾರಿಗೆ ಯಾವ ಟಾಪಿಕ್ ತಗೊಳ್ಳಲಿ?

ಪೀಡಿಯಾಟ್ರಿಕ್ಸ್ (ಮಕ್ಕಳ ವೈದ್ಯಕೀಯ) ಪೋಸ್ಟಿಂಗ್ ಶುರುವಾದ ಎರಡನೇ ದಿನಕ್ಕೇ ಜೂನಿಯರ್‌ಗಳು ಬಂದು ಕೇಳುತ್ತಾರೆ: "ಅಣ್ಣಾ, ಸೆಮಿನಾರಿಗೆ ಒಂದು ಛಲೋ ಟಾಪಿಕ್ ಹೇಳ್ರಿ." ನಾನು ಪ್ರತಿ ಸಲ ಹೇಳೋದು ಒಂದೇ. ವಾರ್ಡಿಗೆ ಹೋಗಿ ಅರ್ಧ ಗಂಟೆ ತಾಯಂದಿರ ಹತ್ತಿರ ಕೂತು ಬನ್ನಿ, ಆಮೇಲೆ ಮಾತಾಡೋಣ. ಮುಖ ಸಪ್ಪಗಾಗುತ್ತೆ. ಅವರಿಗೆ ಬೇಕಾಗಿರೋದು ದೊಡ್ಡ ಹೆಸರಿನ ಕಾಯಿಲೆ.

ನಾನೂ ಹಾಗೇ ಇದ್ದೆ. ನನ್ನ ಮೊದಲ ಸೆಮಿನಾರ್ ಕವಾಸಾಕಿ ಕಾಯಿಲೆ (ಪುಟ್ಟ ಮಕ್ಕಳಿಗೆ ಜ್ವರದ ಜೊತೆ ರಕ್ತನಾಳ ಊದಿಕೊಳ್ಳೋ ಅಪರೂಪದ ಕಾಯಿಲೆ) ಮೇಲೆ, ಬರೋಬ್ಬರಿ ಐವತ್ತು ಸ್ಲೈಡ್. ಮುಗಿದ ಮೇಲೆ ಮೇಡಂ ಕೇಳಿದ್ದು ಒಂದೇ ಪ್ರಶ್ನೆ, "ಎಷ್ಟು ಕೇಸ್ ನೋಡಿದಿ?" ಒಂದೂ ಇಲ್ಲ. ಕುತ್ತಿಗೆಯ ಗಂಟು 1.5 ಸೆಂಟಿಮೀಟರ್‌ಗಿಂತ ದೊಡ್ಡದಿರಬೇಕು ಅಂತ ಬಾಯಿಪಾಠ ಇತ್ತು, ಅಂಥ ಗಂಟು ಕೈಗೆ ಹೇಗೆ ಸಿಗುತ್ತೆ ಅಂತ ಗೊತ್ತಿರಲಿಲ್ಲ.

ಎರಡನೇ ಸಲ ಟಾಪಿಕ್ ತಾನಾಗೇ ಸಿಕ್ತು. ವಿಜಯಪುರದ ಬೇಸಿಗೆ, ವಾರ್ಡ್ ತುಂಬಾ ವಾಂತಿ ಭೇದಿ. ಒಬ್ಬ ತಾಯಿಯ ಚೀಲದಲ್ಲಿ ಓಆರ್‌ಎಸ್ (ಭೇದಿಯಾದಾಗ ನೀರಲ್ಲಿ ಕಲಸಿ ಕುಡಿಸೋ ಉಪ್ಪು-ಸಕ್ಕರೆ ಪುಡಿ) ಪ್ಯಾಕೆಟ್ ಇತ್ತು, ಬಾಯಿ ಮಡಚಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದಳು. ಹೇಗೆ ಕೊಟ್ರಿ ಅಂತ ಕೇಳಿದೆ. "ಒಂದ್ ಗ್ಲಾಸಿಗೆ ಒಂದ್ ಚಮಚಾ ಹಾಕೀನ್ರಿ. ಉಳದಿದ್ದು ನಾಳಿಗೆ ಬರ್ತೈತಲ್ರಿ?"

ಆಕೆಯ ಲೆಕ್ಕ ತಪ್ಪು ಅಂತ ನಗೋದು ಸುಲಭ. ಆದರೆ ಪ್ಯಾಕೆಟ್‌ನಲ್ಲಿರೋದು 20.5 ಗ್ರಾಂ ಪುಡಿ, ಅಷ್ಟೂ ಒಂದು ಲೀಟರ್ ನೀರಿಗೇ ಅಂತ ಅಳೆದಿಟ್ಟದ್ದು. ಚಮಚದ ತಲೆ ಗುಡ್ಡ ಆದರೆ ಉಪ್ಪು ಜಾಸ್ತಿ, ಗ್ಲಾಸ್ ದೊಡ್ಡದಾದರೆ ಕಮ್ಮಿ. ಉಪ್ಪು ಜಾಸ್ತಿಯಾದರೆ ಮಗುವಿನ ರಕ್ತದಲ್ಲಿ ಸೋಡಿಯಂ ಏರುತ್ತೆ, ಅದು ಸುಮ್ನೆ ಬಿಡೋ ವಿಷಯ ಅಲ್ಲ. ಇನ್ನು ಅವರ ಮನೇಲಿ ಒಂದು ಲೀಟರ್ ಅಳೆಯೋದು ಯಾವುದರಲ್ಲಿ? ಕೇಳಿದೆ. ಕೊನೆಗೆ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಖಾಲಿ ನೀರಿನ ಬಾಟಲಿ ಹೊರಗೆ ಬಂತು.

ಅದೇ ನನ್ನ ಸೆಮಿನಾರ್. "ಭೇದಿ" ಅಂತ ಇಡೀ ಅಧ್ಯಾಯ ಎತ್ತಿಕೊಳ್ಳಲಿಲ್ಲ, ಮನೆಯಲ್ಲಿ ಓಆರ್‌ಎಸ್ ಕಲಸೋದು ಇಷ್ಟೇ. ಹಳೆಯ ಪುಡಿ 311 ಆಸ್ಮೋಲಾರಿಟಿಯಿಂದ (ಕಲಸಿದ ನೀರು ಎಷ್ಟು ಗಾಢ ಅನ್ನೋ ಅಳತೆ) 2002ರಲ್ಲಿ 245ಕ್ಕೆ ಯಾಕೆ ಇಳೀತು, 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಇದನ್ನು ಡ್ರಮ್ಮುಗಳಲ್ಲಿ ಕಲಸಿ ಮನೆಯವರ ಕೈಲೇ ಕುಡಿಸಿದ್ದು, ಭೇದಿ ನಿಂತ ಮೂರನೇ ದಿನಕ್ಕೇ ಜೊತೆಗೆ ಕೊಡೋ ಜಿಂಕ್ ಔಷಧ ಬಿಟ್ಟುಬಿಡ್ತಾರಲ್ಲ, 14 ದಿನ ಯಾಕೆ ಕೊಡಬೇಕು ಅನ್ನೋದು. ಹದಿಮೂರು ಸ್ಲೈಡ್. ಆ ದಿನ ಯಾರೂ ಮೊಬೈಲ್ ನೋಡಲಿಲ್ಲ, ನಮ್ಮ ಬ್ಯಾಚಿಗೆ ಅದು ದಾಖಲೆ.

ನಮ್ಮ ಕಡೆಗೆ ಹೊಂದೋ ಇನ್ನೊಂದು ಟಾಪಿಕ್ ಚೇಳು ಕಡಿತ. ಬಿಪಿಗೆ ಕೊಡುವ ಪ್ರಜೋಸಿನ್ ಚೇಳಿನ ವಿಷಕ್ಕೆ ಹೇಗೆ ಕೆಲಸ ಮಾಡುತ್ತೆ ಅನ್ನೋದೇ ಒಂದು ಕಥೆ, ಅದನ್ನು ತೋರಿಸಿದ್ದು ಮಹಾರಾಷ್ಟ್ರದ ಮಹಾಡ್ ಊರಿನ ಡಾ. ಹಿಮ್ಮತರಾವ್ ಬಾವಸ್ಕರ್. ಆದರೆ ಚೇಳು ಕಡಿದ ಮಗುವಿನ ಆ ಬೆವರು, ಆ ತಣ್ಣಗಾದ ಕೈಕಾಲು ನೀವೇ ಮುಟ್ಟಿ ನೋಡಿದ್ದರೆ ಮಾತ್ರ ತಗೊಳ್ಳಿ.

ಹಾಂ, ಟಾಪಿಕ್ ಬರೆಸೋ ಮೊದಲು ನೀವು ಕೇಸಾಗಿ ತೋರಿಸೋ ಮಗು ಸೆಮಿನಾರ್ ದಿನದವರೆಗೆ ವಾರ್ಡಿನಲ್ಲಿ ಇರುತ್ತಾ ಅಂತ ಪಿಜಿಗಳನ್ನು (ಎಂ.ಡಿ. ಓದೋ ಸೀನಿಯರ್ ಡಾಕ್ಟರುಗಳನ್ನು) ಕೇಳಿಕೊಳ್ಳಿ. ನನ್ನ ಗೆಳೆಯನ ಕೇಸು ಹಿಂದಿನ ಸಂಜೆಯೇ ಡಿಸ್ಚಾರ್ಜ್ ಆಗಿ ಇಂಡಿ ಬಸ್ ಹತ್ತಿತ್ತು.