ಇಲಿ ಗಡ್ಡೆಯ ಪೆಪ್ಟೈಡ್ ಹುಡುಕಾಟ: ಒಂದು ಸಿಕ್ಕಿತು, ಇನ್ನೊಂದು ಜಾರಿತು

ಇಲಿಯ ಕ್ಯಾನ್ಸರ್ ಗಡ್ಡೆಯಲ್ಲಿ ಟಿ ಕೋಶಗಳು (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) ಗುರಿ ಇಡುವ ಪ್ರೋಟೀನ್ ಚೂರನ್ನು, ಅಂದರೆ ಪೆಪ್ಟೈಡನ್ನು, ಹುಡುಕಲು ನಾನು ಬರೆದ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಅಂತೂ ಓಡಿತು. ಮೊದಲ ಸುತ್ತಿನಲ್ಲಿ ಗೊತ್ತಿರುವ ಎರಡು ಉತ್ತರಗಳಲ್ಲಿ ಒಂದನ್ನು ಹಿಡಿಯಿತು, ಒಂದನ್ನು ಬಿಟ್ಟಿತು.

ಹೊಸಬರಿಗೆ ಎರಡು ಮಾತು. ನಾನು ಇಲಿ ಸಾಕಿಲ್ಲ, ಲ್ಯಾಬೂ ಇಲ್ಲ. ತೀರ್ಥಹಳ್ಳಿ ಹತ್ತಿರದ ಮನೆ, ಹಳೇ ಲ್ಯಾಪ್‌ಟಾಪ್, ಪೈಥಾನ್, ಬೇರೆಯವರು ಪ್ರಕಟಿಸಿದ ಡೇಟಾ, ಅಷ್ಟೇ. ಗಡ್ಡೆಯೊಳಗಿನ ಯಾವ ಪ್ರೋಟೀನ್ ಚೂರನ್ನು ಗುರುತು ಹಿಡಿದು ಇಲಿಯ ಟಿ ಕೋಶಗಳು ಗಡ್ಡೆಯನ್ನು ಹೊಡೆದು ಹಾಕುತ್ತವೆ ಅಂತ ಲೆಕ್ಕದಲ್ಲೇ ಹೇಳಬಹುದಾ ಅನ್ನುವುದು ನನ್ನ ಹುಚ್ಚು. 1957ರಲ್ಲಿ ಪ್ರೆನ್ ಮತ್ತು ಮೇನ್ ಅನ್ನುವ ಸಂಶೋಧಕರು ಒಂದು ವಿಷಯ ತೋರಿಸಿದ್ದರು: ಮೀಥೈಲ್‌ಕೋಲಾಂತ್ರೀನ್ ಅನ್ನುವ ಕ್ಯಾನ್ಸರ್ ತರಿಸುವ ರಾಸಾಯನಿಕದಿಂದ ಬಂದ ಗಡ್ಡೆಯನ್ನು ಒಮ್ಮೆ ಬೆಳೆಸಿ ತೆಗೆದರೆ, ಆ ಇಲಿ ಅದೇ ಗಡ್ಡೆಯನ್ನು ಮತ್ತೆ ಒಳಗೆ ಬಿಡುವುದಿಲ್ಲ, ಆದರೆ ಗಡ್ಡೆ ಮೊದಲು ಹುಟ್ಟಿದ ಇಲಿಯ ಚರ್ಮವನ್ನು ಕಸಿ ಮಾಡಿದರೆ ಒಪ್ಪಿಕೊಳ್ಳುತ್ತದೆ. ಅಂದರೆ ಜಗಳ ಗಡ್ಡೆಯ ಜೊತೆ ಮಾತ್ರ.

ನಾನು ಪರೀಕ್ಷೆಗೆ ತೆಗೆದುಕೊಂಡದ್ದು ಟಿ3 ಅನ್ನುವ ಸಾರ್ಕೋಮಾ, ಅಂದರೆ ಸ್ನಾಯು, ಮೂಳೆಯಂಥ ಅಂಗಾಂಶದಲ್ಲಿ ಹುಟ್ಟುವ ಕ್ಯಾನ್ಸರ್ ಗಡ್ಡೆ. ಟಿ ಕೋಶಕ್ಕೆ ಬ್ರೇಕ್ ಹಾಕುವ ಪಿಡಿ-1 ಅನ್ನುವ ಪ್ರೋಟೀನನ್ನು ತಡೆಯುವ ಆಂಟಿಬಾಡಿ ಕೊಟ್ಟಾಗ ಇಲಿಗಳು ಈ ಗಡ್ಡೆಯನ್ನು ಕರಗಿಸುತ್ತವೆ. ಆಗ ಟಿ ಕೋಶಗಳು ಮುಖ್ಯವಾಗಿ ಗುರಿ ಇಡುವುದು ಲಾಮಾ4 ಮತ್ತು ಆಲ್ಗ್8 ಜೀನ್‌ಗಳ ರೂಪಾಂತರಕ್ಕೆ (ಮ್ಯುಟೇಶನ್) ಅಂತ ಅಮೆರಿಕದ ಸೇಂಟ್ ಲೂಯಿಸ್‌ನ ರಾಬರ್ಟ್ ಶ್ರೈಬರ್ ತಂಡ 2014ರಲ್ಲಿ ಹೇಳಿತ್ತು. ಉತ್ತರ ಗೊತ್ತಿರುವ ಲೆಕ್ಕ, ಅಲ್ವಾ, ಪರೀಕ್ಷೆಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

ನಿಯಮ ಸರಳವಾಗಿತ್ತು. ಕೋಶದ ಮೇಲೆ ಪ್ರೋಟೀನ್ ಚೂರನ್ನು ಹಿಡಿದು ಟಿ ಕೋಶಕ್ಕೆ ತೋರಿಸುವ ಅಣು ಎಚ್-2 ಕೆಬಿ. ಅದರ ಗುಳಿಯೊಳಗೆ ಕೂರುವ ಚೂರಿಗೆ ಸಾಮಾನ್ಯವಾಗಿ 8 ಅಮೈನೋ ಆಮ್ಲ (ಪ್ರೋಟೀನ್ ಸರದ ಮಣಿಗಳು). 5ನೆಯದು ಫಿನೈಲ್‌ಅಲನಿನ್ ಅಥವಾ ಟೈರೋಸಿನ್, ಕೊನೆಯದು ಲ್ಯೂಸಿನ್ ತರಹದ್ದು. ಲಾಮಾ4 ಚೂರು ಇದಕ್ಕೆ ಸರಿಯಾಗಿ ಕೂತಿತು. ಆಲ್ಗ್8 ಚೂರಿನಲ್ಲಿ ಮಾತ್ರ 5ನೇ ಜಾಗದಲ್ಲಿ ಟ್ರಿಪ್ಟೋಫಾನ್! ನಿಯಮದ ಪ್ರಕಾರ ಅದು ಔಟ್. ನಿಜವಾದ ಇಲಿಯ ಟಿ ಕೋಶಕ್ಕೆ ಮಾತ್ರ ಅದೇ ಬೇಕು. ಪುಸ್ತಕದ ನಿಯಮಕ್ಕೂ ಕೋಶಕ್ಕೂ ಇಷ್ಟು ದೂರ ಅಂತ ನನಗೆ ಗೊತ್ತಿರಲಿಲ್ಲ.

ಹೌದು-ಇಲ್ಲ ಅನ್ನುವುದನ್ನು ಕಿತ್ತು ಹಾಕಿ, ಮಂಡಿಯಲ್ಲಿ ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ದರ್ಜೆ ಮಾಡುವ ಹಾಗೆ ಪ್ರತಿ ಜಾಗಕ್ಕೂ ಅಂಕ ಕೊಟ್ಟೆ. 3ನೇ ಜಾಗದ ಟೈರೋಸಿನ್‌ಗೆ ಸ್ವಲ್ಪ ಜಾಸ್ತಿ ಅಂಕ, ಕೆಬಿಗೆ ಅದೂ ಇಷ್ಟ. ಈಗ ಆಲ್ಗ್8 ಮೇಲೆ ಬಂತು. ಜೊತೆಗೆ ಬೇಡದವೂ ಬಂದವು. ಗಡ್ಡೆಯಲ್ಲಿ ಕೆಲಸವೇ ಮಾಡದ ಜೀನ್‌ಗಳನ್ನು ಕಳೆದರೆ ಪಟ್ಟಿ ಎಷ್ಟೋ ಇಳಿಯಿತು. ಗುಳಿಯೊಳಗೆ ಕೂತ ಮಾತ್ರಕ್ಕೆ ಟಿ ಕೋಶ ಗುರುತಿಸಲೇಬೇಕು ಅಂತೇನಿಲ್ಲ, ಹಾಗಾಗಿ ಕೊನೇ ತೀರ್ಪು ಇಲಿಯದ್ದೇ.

ಮುಂದಿನದು ಪಿ815 ಗಡ್ಡೆ, ಥಿಯರಿ ಬೂನ್ ಅನ್ನುವ ವಿಜ್ಞಾನಿಯ ತಂಡ ಅಧ್ಯಯನ ಮಾಡಿದ್ದು. ಅಲ್ಲಿಯ ಪಿ1ಎ ಅನ್ನುವ ಆಂಟಿಜೆನ್‌ನಲ್ಲಿ (ಟಿ ಕೋಶ ಗುರುತು ಹಿಡಿಯುವ ಪ್ರೋಟೀನ್) ರೂಪಾಂತರವೇ ಇಲ್ಲ! ಮಾಮೂಲಿ ಜೀನ್, ವೃಷಣ, ಮಾಸು ಬಿಟ್ಟರೆ ಬೇರೆಡೆ ಹೆಚ್ಚುಕಮ್ಮಿ ಮಲಗಿರುತ್ತದೆ, ಈ ಗಡ್ಡೆಯಲ್ಲಿ ಎದ್ದಿದೆ. ರೂಪಾಂತರವನ್ನೇ ಹುಡುಕುವ ನನ್ನ ಸ್ಕ್ರಿಪ್ಟ್‌ಗೆ ಇದು ಯಾವತ್ತೂ ಕಾಣಿಸದು. ಅದಕ್ಕೆ ಬೇರೆ ಭಾಗವೇ ಬರೆಯಬೇಕು, ಅಲ್ಲಿ ಚೂರು ಹಿಡಿದು ತೋರಿಸುವುದು ಕೆಬಿ ಅಲ್ಲ, ಎಚ್-2 ಎಲ್‌ಡಿ ಅಣು, ಅದಕ್ಕೆ ಬೇರೆ ಅಂಕಪಟ್ಟಿಯೂ ಬೇಕು. ಮಳೆ ಶುರುವಾಗಿ ಕರೆಂಟ್ ಕೈಕೊಡುವುದರೊಳಗೆ ಅಂಕಪಟ್ಟಿಯಾದರೂ ಮುಗಿಸುತ್ತೇನೆ. ಯಾರ ಹತ್ತಿರವಾದರೂ ಸಿದ್ಧ ಇದ್ದರೆ ಕೊಡಿ.