ಪಾಪ, ಲ್ಯಾಪ್‌ಟಾಪ್ ಏನು ಮಾಡೀತು?

ತುಮಕೂರಿನ ಬಿಸಿಲು, ಮಹಡಿ ಮೇಲಿನ ರೂಮು, ಹಾಸಿಗೆ ಮೇಲೆ ಲ್ಯಾಪ್‌ಟಾಪ್. ಗೇಮ್ ಸ್ವಲ್ಪ ಹೊತ್ತು ಚೆನ್ನಾಗಿ ಓಡುತ್ತದೆ. ಆಮೇಲೆ ಫ್ಯಾನ್ ಕೂಗಾಟ, ಚಿತ್ರ ನಿಂತು ನಿಂತು ಬರುತ್ತದೆ. "ಮಾವ, ಇದು ಡಬ್ಬಾ" ಅಂದ ಅಕ್ಕನ ಮಗ.

ಡಬ್ಬಾ ಅಲ್ಲ ಕಣೋ. ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ನಲ್ಲಿ ಸಾಮಾನ್ಯವಾಗಿ ಚಿತ್ರ ಮೂಡಿಸಲೆಂದೇ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವುದಿಲ್ಲ. ಆ ಕೆಲಸವೂ ಪ್ರೊಸೆಸರ್ ಒಳಗೇ ಆಗಬೇಕು, ಅದಕ್ಕೆ ಮೆಮೊರಿಯೂ ಇರುವ 8 ಜಿಬಿ ರ‍್ಯಾಮ್‌ನಲ್ಲೇ ಹಂಚಿಕೆ. ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ ಬೇಕೆಂದರೆ ಒಂದೊಂದಕ್ಕೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್. ಫುಲ್ ಎಚ್‌ಡಿಯಲ್ಲಿ ಅಷ್ಟರೊಳಗೆ 20 ಲಕ್ಷಕ್ಕೂ ಜಾಸ್ತಿ ಪಿಕ್ಸೆಲ್ (ಪರದೆಯ ಚುಕ್ಕಿ) ತುಂಬಬೇಕು! ಬಿಸಿ ಏರಿದರೆ ಚಿಪ್ ಸುಟ್ಟುಹೋಗದಿರಲೆಂದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಹಾಸಿಗೆ ಬೇರೆ ಗಾಳಿಯ ಕಿಂಡಿ ಮುಚ್ಚಿರುತ್ತದೆ.

ಮಗನ ಓದಿಗೆಂದು ಅಕ್ಕ ಚೀಟಿ ಎತ್ತಿ ಕೊಡಿಸಿದ್ದು ಅದು. ಓದಿಗೆ ಧಾರಾಳವಾಗಿ ಸಾಕು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮೊದಲ ಕಂಪ್ಯೂಟರ್ ಬರುವುದೇ ಹೀಗೆ, ಅಲ್ವಾ?

ಮೇಜಿನ ಮೇಲಿಟ್ಟು, ರೆಸಲ್ಯೂಷನ್ (ಚಿತ್ರದ ಪಿಕ್ಸೆಲ್ ಸಾಲುಗಳ ಲೆಕ್ಕ) 720ಕ್ಕೆ ಇಳಿಸಿದೆವು. ಪಿಕ್ಸೆಲ್ ಅರ್ಧಕ್ಕಿಂತ ಕಡಿಮೆಯಾಯಿತು, ಆಟ ಸಲೀಸಾಯಿತು. ರ‍್ಯಾಮ್ ಸ್ಲಾಟ್ ಒಂದು ಖಾಲಿ ಇದೆ. ದುಡ್ಡು ಕೂಡಿದಾಗ ಅಷ್ಟೇ ಜಿಬಿಯದು ಇನ್ನೊಂದು ಹಾಕಿಸಬೇಕು.